ಮಣಿಕಟ್ಟಿನಷ್ಟು ದಪ್ಪ

ನೀರಿನ ಟ್ಯಾಂಕರಿನ ಸಾಲಿನಲ್ಲಿ ದರ್ಜಿ ಹೆಂಗಸಿನ ಮುಂದೆ ಒಬ್ಬ ಮುದುಕರೂ ಅವರ ಸೋದರಸೊಸೆಯೂ ನಿಂತಿದ್ದರು. ಬೇರೆಯವರ ಮನೆಯ ಮಾತು ನಮಗೇಕೆ ಅಂದುಕೊಂಡರೂ ದರ್ಜಿಯ ಕಿವಿ ಅತ್ತಲೇ ಹೋಯಿತು.

“ಮಾವ, ಬಾವಿ ನೀರು ಇನ್ನೂ ಉಪ್ಪುಪ್ಪು. ಬಾಯಿಗಿಡೋಕಾಗಲ್ಲ.”

“ಗೊತ್ತಮ್ಮ.”

“ಬಂದರಿನ ರಸ್ತೆಗೆ ಅಂತ ಉಪ್ಪುನೀರು ತಡೀತಿದ್ದ ದಡದ ಕಾಂಡ್ಲಾ ಗಿಡವೆಲ್ಲ ಕಡಿದ್ರಲ್ಲ, ಅವತ್ತಿಂದ ಸಮುದ್ರ ಸೀದಾ ಒಳಗೇ ಬರ್ತಿದೆ. ಸಾಲ ಕೊಟ್ಟ ಆ ಹೊರದೇಶದ ಬ್ಯಾಂಕಿನವರು ಅಲ್ಲಿ ಮರಗಿಡ ಎಷ್ಟಿದೆ ಅಂತ ಕೇಳಲೇ ಇಲ್ವಾ?”

“ಕೇಳಿದ್ರು. ಎಣಿಸೋಕೆ ಹೋದವನು ನಾನೇ.”

“ನೀವಾ? ಏನಂತ ಬರೆದ್ರಿ?”

“ಮರಗಳಿಲ್ಲ ಅಂತ.”

ಸೊಸೆ ತಿರುಗಿ ಅವರ ಮುಖ ನೋಡಿದಳು.

“ತೊಡೆಯಷ್ಟು ದಪ್ಪ ಇದ್ರೆ ಮಾತ್ರ ಮರ ಅಂತ ನಿಯಮ ಇತ್ತು. ಅವು ನನ್ನ ಮಣಿಕಟ್ಟಿನಷ್ಟು ದಪ್ಪ. ಮರ ಇದೆ ಅಂದ್ರೆ ಸಾಲ ತಪ್ಪಿಹೋಗುತ್ತೆ ಅಂತ ನಮ್ಮ ಆಫೀಸಿನ ಸಾಹೇಬರಿಗೆ ಭಯ, ನನಗೆ ಸಾಹೇಬರ ಭಯ.”

“ಬ್ಯಾಂಕಿನವರು ಬಂದು ನೋಡಲಿಲ್ವಾ?”

“ಬಂದಿದ್ರು. ಒಬ್ಬಾಕೆ ಕಾರಿಂದ ಇಳಿಯೋಕೆ ಹೊರಟ್ರು. ಕೆಸರಿದೆ ಮೇಡಂ, ಷೂ ಹಾಳಾಗುತ್ತೆ ಅಂತ ಬಾಗಿಲು ಹಾಕಿದವನೂ ನಾನೇ.”

“ಆ ಗಿಡಗಳ ಬೇರಿನ ಸಂದೀಲಿ ಏಡಿ ಹಿಡಿಯೋದು ನನಗೆ ಕಲಿಸಿದ್ದು ನೀವೇ ಅಲ್ವಾ ಮಾವ?”

“ಹೂಂ.”

ಅವರ ಕೊಡ ತುಂಬಿತು. ಮುದುಕರು ಎತ್ತಲು ಬಗ್ಗಿದರು.

“ಬಿಡಿ, ನಾನೇ ಹೊರ್ತೀನಿ.”

ಅವಳು ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹಿಂದೆ ನೋಡದೆ ನಡೆದಳು. ಅವರು ಹತ್ತು ಹೆಜ್ಜೆ ಹಿಂದೆ ಬರಿಗೈಯಲ್ಲಿ ಹೊರಟರು. ದಿನವಿಡೀ ಜನರ ಅಳತೆ ತೆಗೆಯುವ ದರ್ಜಿಯ ಕಣ್ಣು ಅವರ ಕೈ ಮೇಲೆಯೇ ಇತ್ತು: ನಡೆಯುತ್ತಲೇ ಅವರು ಬಲಗೈ ಬೆರಳುಗಳಿಂದ ತಮ್ಮ ಎಡಗೈ ಮಣಿಕಟ್ಟನ್ನು ಸುತ್ತಿ ಹಿಡಿದಿದ್ದರು.