ಬಾಣ ತೋರಿಸುವ ಪಾಠ

ಹೊನ್ನಾವರದ ಬಸ್ಸಿನಲ್ಲಿ ಹೊಳನಗದ್ದೆಯ ನಾಗಮ್ಮ ಗಂಡನ ಎದೆಯ ಎಕ್ಸ್‌ರೇ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೂರು ತಿಂಗಳಿಂದ ಕೆಮ್ಮಿ ಸೋತ ಮಾಸ್ತಿ ಪಕ್ಕದಲ್ಲಿ ತೂಕಡಿಸುತ್ತಿದ್ದ. ಇಬ್ಬರೂ ಹೊರಟಿದ್ದು ಡಾಕ್ಟರರ ಕ್ಯಾಂಪಿಗೆ. ಮುಂದಿನ ಸೀಟಿನಲ್ಲಿ ಬಿಳಿ ಕೋಟು ಮಡಚಿ ಹಿಡಿದ ಹುಡುಗ ಹುಡುಗಿ ಮಾತಿಗಿಳಿದಿದ್ದರು.

"ಎಂತಕ್ಕೆ ಇಷ್ಟು ಬೆವರ್ತಿದ್ದಿ, ಗುರುದತ್ತ?"

"ಇವತ್ತು ಕ್ಯಾಂಪಲ್ಲಿ ಎಕ್ಸ್‌ರೇ ಎಲ್ಲಾ ನಾನೇ ನೋಡ್ಬೇಕಂತೆ, ವಿನುತಾ."

"ಎಕ್ಸ್‌ರೇ ನೋಡೂದು ಕಲಿಸೋ ಆ ಕಂಪ್ಯೂಟರ್ ಪಾಠದಲ್ಲಿ ನೂರಕ್ಕೆ ನೂರು ತಗೊಂಡವ ನೀನೇ ಅಲ್ವಾ?"

"ಆ ಪಾಠದ ಸಿ.ಡಿ.ಯಲ್ಲಿ ತಪ್ಪು ಉತ್ತರ ಒತ್ತಿದ್ರೆ, ರೋಗ ಇದ್ದ ಜಾಗಕ್ಕೆ ಅದೇ ಬಾಣ ತೋರಿಸ್ತದೆ. ಯಾವ ಚಿತ್ರಕ್ಕೆ ಬಾಣ ಎಲ್ಲಿ ಅಂತ ಬಾಯಿಪಾಠ ಮಾಡ್ದೆ, ಅಷ್ಟೇ."

"ಅಯ್ಯೋ ಮಾರಾಯ! ಸರ್‌ ಹತ್ರ ಹೇಳಿಬಿಡು."

"ಈಗ ಹೇಳಿದ್ರೆ ಆ ನೂರು ಹೆಂಗೆ ಬಂತು ಅಂತ ಕೇಳ್ತಾರೆ. ಅದೂ ಅಲ್ಲ, ನನ್ನ ನಂಬಿ ಅವ್ರು ಕ್ಯಾಂಪಿಗೆ ಬರ್ತಾನೇ ಇಲ್ಲ."

"ಹಂಗಾದ್ರೆ ಎಂತ ಮಾಡ್ತಿ?"

"ಎಂತ ತೊಂದ್ರೆ ಇಲ್ಲ, ಆರಾಮಿದ್ದೀರಿ ಅಂತ ಎಲ್ರಿಗೂ ಹೇಳೂದು."

ಬಸ್ಸು ನಿಂತಿತು. ಇಬ್ಬರೂ ಕೋಟು ತೊಟ್ಟು ಇಳಿದು ಹೋದರು.

"ಏಳೇ, ಹೊತ್ತಾತು," ಎಂದ ಮಾಸ್ತಿ.

ನಾಗಮ್ಮ ಏಳಲಿಲ್ಲ. ಎಕ್ಸ್‌ರೇಯನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದು, ಬಾಣ ಎಲ್ಲಾದರೂ ಇದೆಯಾ ಎಂದು ಹುಡುಕತೊಡಗಿದಳು.