ದಡದಲ್ಲಿ ಮೂರು ಸಲ ಕಂಡವಳು

ನಂಬೋದಿಲ್ಲ ಅಂತೀರಾ? ಅನ್ನಿ ನೋಡೋಣ! ಒಂದೇ ಹೆಂಗಸನ್ನು ಒಂದೇ ದಿನ ಮೂರು ಊರಲ್ಲಿ ಕಂಡವರು ಇಲ್ಲಿ ಯಾರಿದ್ದೀರಿ? ನಾನು ಕಂಡಿದ್ದೇನೆ. ಕೇಳಿ.

ಹೆಸರಿಡೋಕೆ ಯಾರಿಗೂ ಪುರುಸೊತ್ತಿಲ್ಲದ ಒಂದು ನೀರಿನ ಸೀಮೆ. ಸಮುದ್ರ ಸೇರೋ ಹೊಳೆ, ಹೊಳೆಗೆ ಸೇರೋ ಕಾಲುವೆ, ಎರಡೂ ದಡದಲ್ಲಿ ನೀರಿಗೆ ಬಾಗಿದ ತೆಂಗು. ಅಲ್ಲಿಯ ದೋಣಿಕಾರ ಕುಪ್ಪಯ್ಯ ಮಗಳು ನಾಗುವಿಗೆ ಗಂಡು ಹುಡುಕುತ್ತಿದ್ದ. ಆ ಸೀಮೆಯ ಪದ್ಧತಿ ಏನು ಗೊತ್ತೇ? ಹೊತ್ತು ಮುಳುಗೋದರೊಳಗೆ ಗಂಡು ಒಬ್ಬನೇ ದೋಣಿ ನಡೆಸಿ ಹೆಣ್ಣಿನ ಮನೆಯ ಕಡವು, ಅಂದರೆ ದೋಣಿ ಕಟ್ಟೋ ಜಾಗ, ಮುಟ್ಟಬೇಕು. ತಪ್ಪಿದರೆ ಸಂಬಂಧ ಮುರೀತು.

ನಾನೋ ಘಟ್ಟದ ಮೇಲಿನವನು. ಕೆರೆ ಈಜಿದವನು, ತುಂಬಿದ ಹಳ್ಳ ದಾಟಿದವನು. ಹುಡುಗಿಯ ಮುಖ ನೋಡದೆ ಒಪ್ಪಿದ್ದೆ. "ಗೊತ್ತಾಗದಿದ್ದರೆ ದಾರೀಲಿ ಕೇಳಪ್ಪ" ಅಂದಿದ್ದ ಕುಪ್ಪಯ್ಯ. ಕೇಳೋದೇ? ನಾನೇ?

ಬೆಳಿಗ್ಗೆ ದೋಣಿ ಹತ್ತಿ ನೀರು ಹರಿದ ಕಡೆಗೇ ಹೊರಟೆ. ಎಡದಡದಲ್ಲಿ ಒಬ್ಬಳು ತಲೆಗೆ ಬಟ್ಟೆ ಕಟ್ಟಿ ನಾರು ತೆಗೆಯೋಕೆ ತೆಂಗಿನ ಸಿಪ್ಪೆ ಬಡೀತಿದ್ದಳು.

"ಎಲ್ಲಿಗೆ ಹೊರಟಿರಿ?"

"ಹೆಣ್ಣಿನ ಮನೆಗೆ ಅಕ್ಕಾ. ದಾರಿ ಕೇಳೋ ಗಂಡಲ್ಲ ನಾನು!"

ಅವಲಕ್ಕಿ ತಿಂದೆ, ಹಾಡಿದೆ, ಕಣ್ಣು ಹತ್ತಿತು. ಎದ್ದಾಗ ನಡುಹಗಲು. ದೋಣಿ ನೀರಿನ ಜೊತೆಗೇ ಹೋಗ್ತಿದೆ. ಬಲದಡದಲ್ಲಿ ಒಬ್ಬಳು ಸಿಪ್ಪೆ ಬಡೀತಿದ್ದಾಳೆ. ಅದೇ ಮುಖ!

"ಮತ್ತೆ ಬಂದಿರಾ?"

"ಮತ್ತೆ ಏನು? ಹಿಂದಿನೂರಲ್ಲಿ ಇದ್ದವಳು ನಿನ್ನ ತಂಗಿ ಇರಬೇಕು."

ಅವಳು ನಕ್ಕಳು. ನಾನು ಮುಂದೆ ಹೋದೆ. ಮುಂದೆಯೋ ಹಿಂದೆಯೋ, ಆ ದೇವರೇ ಬಲ್ಲ.

ಸಂಜೆ ಬಿಸಿಲು ತೆಂಗಿನ ತುದಿ ಏರಿತು. ಎಡದಡದಲ್ಲಿ ಒಬ್ಬಳು. ಸಿಪ್ಪೆ ಬಡೀತಿದ್ದಾಳೆ. ನನ್ನ ತಲೆ ಗಿರ್ರೆಂದಿತು.

"ಅಕ್ಕಾ, ನಿಮ್ಮವ್ವ ಒಂದೇ ಸಲಕ್ಕೆ ಮೂವರನ್ನು ಹೆತ್ತಳೇ?"

"ಒಬ್ಬಳನ್ನೇ. ಸಮುದ್ರ ಉಬ್ಬಿದರೆ ಇಲ್ಲಿ ನೀರು ಮೇಲಕ್ಕೆ ಹರೀತದೆ, ಇಳಿದರೆ ಕೆಳಕ್ಕೆ. ನೀವು ದಿನವಿಡೀ ನನ್ನೆದುರೇ ಉಯ್ಯಾಲೆ ಆಡಿದಿರಿ. ದೋಣಿ ತಿರುಗಿದಾಗ ನಿಮ್ಮ ಎಡ ಬಲವಾಯಿತು, ಅಷ್ಟೇ."

ನೀರು ಮೇಲಕ್ಕೆ ಹರಿಯೋದೇ? ನಮ್ಮೂರಲ್ಲಿ ಹೇಳಿದರೆ ಹೊಡೀತಾರೆ! ಆದರೆ ಹೊತ್ತು ಜಾರ್ತಿತ್ತು.

"ಅಕ್ಕಾ, ದಮ್ಮಯ್ಯ, ಕುಪ್ಪಯ್ಯನ ಕಡವು ಎಲ್ಲಿ?"

"ಇದೇ. ಹಗ್ಗ ಎಸೀರಿ. ಮತ್ತೆ ಅಕ್ಕ ಅನ್ನಬೇಡಿ, ನಾನು ನಾಗು."

ಕುಪ್ಪಯ್ಯ ಹೊರಗೆ ಬಂದು ಗದರಿದ. "ಹಗಲೆಲ್ಲ ತೇಲಿದವನಿಗೆ ಮಗಳ ಕೊಡ್ಲಾ?"

"ಮೊದಲು ಬಂದ ಗಂಡುಗಳು ದಾರಿ ಕೇಳದೇ ಹೋಗಿ ಸಮುದ್ರ ಕಂಡು ಓಡಿದರು ಅಪ್ಪಾ. ಇವರು ಕೊನೆಗಾದರೂ ಕೇಳಿದರು. ಇರಲಿ ಬಿಡು. ದೋಣಿಯ ಹುಟ್ಟು ಮಾತ್ರ ನನ್ನ ಕೈಲಿರಲಿ" ಅಂದಳು.

ಕಥೆ ದಡ ಮುಟ್ಟಿತು, ಕೇಳಿದವರು ಇಳಿದುಕೊಳ್ಳಿ. ನನಗೆ ಕೊಟ್ಟದ್ದು ಒಬ್ಬ ಹೆಂಡತಿ, ಮತ್ತು ದೋಣಿಯೊಳಗಿನ ನೀರು ಗೋರೋಕೆ ಒಂದು ತೆಂಗಿನ ಚಿಪ್ಪು.