ಓಲೆ ಸಿಕ್ಕಮೇಲೂ

ಸಂಜೆ ಹಿಡಿದ ಮಳೆ ಬಿಡಲಿಲ್ಲ, ಕರೆಂಟೂ ಹೋಯಿತು. ಇಸ್ತ್ರಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಬಟ್ಟೆಯ ಗಂಟುಗಳಿಗೆ ಒರಗಿ ನಾನು, ನನ್ನ ಗಂಡ, ಚಿಕ್ಕಪ್ಪ ಕೂತೆವು. ನನ್ನ ಮಗಳು ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಜೀವಮಾನವೆಲ್ಲ ಇದೇ ಮೇಜಿನ ಮುಂದೆ ನಿಂತು ಸವೆದ ಅಜ್ಜಿ, ಆರುತ್ತಿದ್ದ ಇಸ್ತ್ರಿಪೆಟ್ಟಿಗೆಗೆ ಅಂಗೈ ಕಾಯಿಸುತ್ತಾ, ಯಾರೂ ಕೇಳದೆಯೇ ಶುರುಮಾಡಿದಳು.

"ಈ ಅಂಗಡಿ ಹಾಕಿದವಳು ನಮ್ಮಕ್ಕ. ನೀವ್ಯಾರೂ ನೋಡಿಲ್ಲ ಬಿಡಿ. ಅವಳಿಗೆ ಒಬ್ಬಳೇ ಮಗಳು, ಅರಳು ಹುರಿದಂಗೆ ಮಾತಾಡ್ತಿದ್ದ ಕೂಸು... ಜ್ವರ ಬಂತು, ಜೀವ ಹೋಯ್ತು. ಅಕ್ಕ ಒಂದು ಹನಿ ಅಳ್ಲಿಲ್ಲ ಕಣ್ರೋ. ಮಣ್ಣು ಮಾಡಿ ಬಂದವಳೇ ಕೈ ತೊಳ್ಕೊಂಡು, ಬಾಕಿ ಇದ್ದ ಬಟ್ಟೆಗೆ ನೀರು ಚಿಮುಕಿಸ್ತಾ ನಿಂತ್ಲು. ಕಲ್ಲೆದೆಯವಳು ಅಂದ್ರು ಬೀದಿಯವರು. ಆಮೇಲೆ ಒಂದಿನ ಅವಳ ಕಿವಿಯೋಲೆ ಕಳೀತು. ಒಂದು ಚೂರು ಬೆಳ್ಳಿ, ಎಷ್ಟರದು ಅದು? ಆವಾಗ ಅತ್ಲು ನೋಡಿ... ಎಂಥಾ ಅಳು! ಬೀದಿಗೆ ಬೀದೀನೇ ಬಂದು ಹುಡುಕ್ತು, ಸಿಗ್ಲಿಲ್ಲ. ಸಾಯೋವರೆಗೂ ಹುಡುಕಿದ್ಲು. ಸತ್ತಮೇಲೂ ಬಿಡ್ಲಿಲ್ಲ. ನಡುಮಧ್ಯಾಹ್ನ, ನಾನೊಬ್ಳೇ ಇರೋವಾಗ, ಒಳಗೆ ಟ್ರಂಕು ತೆಗೆದ ಸದ್ದು, ಹೊದಿಕೆ ಕೊಡವಿದ ಸದ್ದು..."

"ಇಲಿ ಇರ್ಬೇಕು ಬಿಡವ್ವಾ," ಚಿಕ್ಕಪ್ಪ ನಕ್ಕ.

"ಇಲಿ ಹೊದಿಕೆ ಮಡಚಿ ಇಡುತ್ತೇನೋ ಪೆದ್ದೇ? ಸುಮ್ನೆ ಕೇಳು. ಒಂದ್ಸಲ ಈ ಮೇಜು ಸರಿಸಿದಾಗ ನೆಲದ ಬಿರುಕಲ್ಲಿ ಓಲೆ ಸಿಕ್ತು. ಸದ್ಯ, ಋಣ ಹರೀತು ಅಂದ್ಕೊಂಡು ತಟ್ಟೇಲಿಟ್ಟು, 'ತಗೊಳ್ಳೇ ಅಕ್ಕಾ, ಇನ್ನು ಮಲಗು' ಅಂದೆ. ಮಾರನೇ ದಿನ ನೋಡ್ತೀನಿ, ಓಲೆ ಇಟ್ಟಲ್ಲೇ ಇದೆ; ಟ್ರಂಕು ಮಾತ್ರ ತೆಗೆದಿದೆ. ಅವತ್ತು ಅರ್ಥ ಆಯ್ತು ನಂಗೆ. ಓಲೆಯಾದ್ರೆ ಹುಡುಕಬಹುದು, ಸಿಕ್ಕರೂ ಸಿಗಬಹುದು. ಅದಕ್ಕೇ ಪಾಪ, ಅದರ ನೆವ ಹಿಡ್ಕೊಂಡಿದ್ಲು... ಅವಳಿಗೆ ಬೇಕಾಗಿದ್ದು ಯಾವ ಬಿರುಕಲ್ಲಿ ಬಿದ್ದಿರುತ್ತೆ, ಹೇಳಿ?"

ಅಜ್ಜಿ ಚಿಕ್ಕಪ್ಪನ ಕಡೆ ತಿರುಗಿದಳು.

"ನೀನಾಗ ಕೈಗೂಸು. ಒಳಗೆ ಮಲಗಿಸಿದ್ದೆ. ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆ, ಅಕ್ಕ ಬಗ್ಗಿ ನಿನ್ನ ನೆತ್ತಿ ಮೂಸಿದ್ಲು. 'ಇದಲ್ಲ' ಅಂದ್ಲು. ಹೊದಿಕೆ ಸರಿಮಾಡಿ ಹೋದ್ಲು."

ಚಿಕ್ಕಪ್ಪನ ನಗು ಇಂಗಿತು.

"ಹೆದರಿಕೆ ಆಗ್ಲಿಲ್ವಾ ಅಜ್ಜಿ?" ಎಂದೆ.

"ಆಯ್ತು. ಎಷ್ಟು ದಿನ ಅಂತ ಹೆದರೋದು? ಸುಸ್ತಾಯ್ತು. ಈ ಮನೇಲಿ ಹುಟ್ಟಿದ ಒಂದು ಮಗೂನೂ ಅವಳು ಬಿಟ್ಟಿಲ್ಲ, ನಿನ್ನನ್ನೂ ಮೂಸಿದಾಳೆ. ಬರ್ತಾಳೆ, ನೋಡ್ತಾಳೆ, ಹೋಗ್ತಾಳೆ... ಆದ್ರೆ ದೆವ್ವಕ್ಕೂ ವಯಸ್ಸಾಗುತ್ತಾ ಅಂತೀಯಾ? ಆಗುತ್ತೇನೋ ಅನ್ಸುತ್ತೆ. ಈಚೀಚೆಗೆ ಅವಳಿಗೆ ಗುರುತು ಸಿಗ್ತಿಲ್ಲ. ಇವತ್ತು ಮಧ್ಯಾಹ್ನ ನಿನ್ನ ಮಗಳ ಹತ್ರ ನಿಂತವಳು ನಿಂತೇ ಇದ್ಲು, ಎತ್ಕೊಳ್ಳೋಕೆ ಕೈ ಕೂಡ ಚಾಚಿದ್ಲು. ಕೊನೆಗೆ ನಾನೇ ಹೋಗಿ, 'ಅಕ್ಕಾ, ಅದು ನಮ್ಮದು ಕಣೇ' ಅಂದೆ. ನನ್ನ ಮಾತು ಕೇಳ್ತಾಳೆ, ಒಡಹುಟ್ಟಿದವಳಲ್ವಾ... ನಾನು ಹೋದಮೇಲೆ ಅವಳಿಗೆ ಯಾರು ಹೇಳ್ತೀರಿ?"